ಮುಡಿಪಿದರ್: ಅಂತ್ಯಕಾಲದ ಬರಹ ಮತ್ತು ಕರ್ತೃತ್ವದ ಪ್ರಶ್ನೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲಿನ ಪ್ರಾಚೀನ ನಿಷಿಧಿ ಶಾಸನಗಳನ್ನು ಒಂದಾದ ಮೇಲೊಂದರಂತೆ ಓದುತ್ತ ಹೋದರೆ ಒಂದು ಕ್ರಿಯಾಪದ ಮತ್ತೆ ಮತ್ತೆ ಎದುರಾಗುತ್ತದೆ. ಅದು ‘ಮುಡಿಪಿದರ್’. ಮುಗಿಸಿದರು, ಪೂರೈಸಿದರು ಎಂಬುದು ಅದರ ಅರ್ಥ. ಅದರ ಹಿಂದೆ ಸಾಮಾನ್ಯವಾಗಿ ‘ನೋಂತು’ ಎಂಬ ಪದವಿರುತ್ತದೆ, ಅಂದರೆ ವ್ರತವನ್ನು ಕೈಕೊಂಡು. ಸಾವು ಬಂದಿತು, ಮರಣ ಸಂಭವಿಸಿತು ಎಂಬ ಧಾಟಿ ಈ ಶಾಸನಗಳದಲ್ಲ. ಅಲ್ಲಿ ಸಾಯುವ ವ್ಯಕ್ತಿ ವಾಕ್ಯದ ಕರ್ತೃ. ಕೊನೆ ಎಂಬುದು ಆ ವ್ಯಕ್ತಿ ನೆರವೇರಿಸಿದ ಕಾರ್ಯ. ಬದುಕಿನಲ್ಲಿ ಎಲ್ಲರಿಗೂ ತಾನಾಗಿಯೇ ಆಗುವಂಥದೆಂದು ನಾವು ಬಗೆದಿರುವ ಘಟನೆಯನ್ನು ನಮ್ಮ ಪೂರ್ವಿಕರು ಸಕರ್ಮಕ ಕ್ರಿಯೆಯೊಂದರಿಂದ ಬಣ್ಣಿಸಿದ್ದಾರೆ.

ಗುಣವಾಗದ ರೋಗದಿಂದ ಹಾಸಿಗೆ ಹಿಡಿದವರು ತಮ್ಮ ಅನುಭವವನ್ನು ಅಂತರಜಾಲದಲ್ಲಿ ದಿನದಿನವೂ ಬರೆಯುವ ಪರಿಪಾಠ ಕಳೆದ ಎರಡು ಮೂರು ದಶಕಗಳಲ್ಲಿ ಜಗತ್ತಿನಾದ್ಯಂತ ಬೆಳೆದಿದೆ. ಇದನ್ನು ಹೊಸ ಕಾಲದ ಪ್ರದರ್ಶನಪ್ರಿಯತೆಯೆಂದು ಹಳಿಯುವವರಿದ್ದಾರೆ, ಧೈರ್ಯದ ಪರಾಕಾಷ್ಠೆಯೆಂದು ಹೊಗಳುವವರೂ ಇದ್ದಾರೆ. ಈ ಎರಡು ತೀರ್ಪುಗಳಿಗೂ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ. ವೈದ್ಯರು ಕೈಚೆಲ್ಲಿದ ಮೇಲೆ, ದೇಹ ತನ್ನ ಮಾತು ಕೇಳದಂತಾದ ಮೇಲೆ, ಆ ವ್ಯಕ್ತಿ ಯಾವುದಕ್ಕೆ ಕರ್ತೃವಾಗಿ ಉಳಿಯುತ್ತಾನೆ? ಜೈನ ವಾಙ್ಮಯ ಈ ಪ್ರಶ್ನೆಯನ್ನು ಎರಡು ಸಹಸ್ರಮಾನಗಳಷ್ಟು ಕಾಲ ನಿಷ್ಠೆಯಿಂದ ಎದುರಿಸಿದೆ. ಆದುದರಿಂದ ಈ ನವೀನ ಬರಹವನ್ನು ಆ ಪ್ರಾಚೀನ ಪರಂಪರೆಯ ಬದಿಗಿಟ್ಟು ನೋಡುವುದು ಅನುಚಿತವಾಗದು. ಅವೆರಡೂ ಒಂದೇ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಗುರುತಿಸುವುದಷ್ಟೇ ಈ ಲೇಖನದ ಪ್ರಯತ್ನ.

ಶಿಲೆಯಲ್ಲಿ ಉಳಿದ ಹೆಸರುಗಳು

ಮೊದಲಿಗೆ ನಿಷಿಧಿಗಳನ್ನೇ ನೋಡೋಣ. ಸುಮಾರು ಏಳನೆಯ ಶತಮಾನದ ಒಂದು ಪುಟ್ಟ ಶಾಸನ ನಾಗಮತಿ ಗಂತಿಯರ್ ಎಂಬ ಆರ್ಯಿಕೆಯನ್ನು ಕುರಿತದ್ದು. ಅವರು ಯಾವ ನಾಡಿನ ಯಾವ ಊರಿನವರು, ಯಾವ ಗುರುವಿನ ಶಿಷ್ಯೆ, ಎಷ್ಟು ಕಾಲ ವ್ರತವನ್ನು ನಡೆಸಿದರು ಎಂಬಿಷ್ಟು ವಿವರ ಅದರಲ್ಲಿದೆ. ಮೂರು ತಿಂಗಳು ನೋಂತು ಅವರು ಮುಡಿಪಿದರು. ರಾಜವಂಶದ ಹೆಸರಿಲ್ಲ, ದಾನದತ್ತಿಯಿಲ್ಲ, ಯುದ್ಧದ ವರ್ಣನೆಯಿಲ್ಲ. ಆದರೂ ಸಾವಿರದ ಮುನ್ನೂರು ವರ್ಷಗಳ ಬಳಿಕ ಆ ಸ್ತ್ರೀಯ ಹೆಸರು ನಮಗೆ ಗೊತ್ತಿದೆ. ಅದೇ ಬೆಟ್ಟದಲ್ಲಿ ಗಂಗ ಮಾರಸಿಂಹನಂತಹ ಅರಸನ ಸ್ಮಾರಕಸ್ತಂಭವೂ ಇದೆ. ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟವನು ಅವನು. ಅರಸನೂ ಆರ್ಯಿಕೆಯೂ ಒಂದೇ ಬೆಟ್ಟದ ಮೇಲೆ, ಒಂದೇ ಬಗೆಯ ಸಾಧನೆಗಾಗಿ ಸ್ಮರಣೆಗೊಂಡಿರುವುದು ಈ ಪರಂಪರೆಯ ವೈಶಿಷ್ಟ್ಯ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳ ಅನಶನದಿಂದ ಸಮಾಧಿಮರಣವನ್ನು ಪಡೆದಳು. ಅವಳನ್ನು ಕುರಿತ ಶಾಸನ ಅರೆಮುಚ್ಚಿದ ಕಣ್ಣುಗಳನ್ನೂ ಪಂಚಪದಗಳ ಉಚ್ಚಾರಣೆಯನ್ನೂ ಜಿನೇಂದ್ರಧ್ಯಾನವನ್ನೂ ಹೇಳುತ್ತ, ಬಂಧುಗಳಿಂದ ಬೀಳ್ಕೊಂಡ ಬಗೆಯ ಗಾಂಭೀರ್ಯವನ್ನೂ ದಾಖಲಿಸುತ್ತದೆ. ಈ ಕೊನೆಯ ವಿವರ ನಮಗೆ ಮುಖ್ಯ. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಹೇಗೆ ಬೀಳ್ಕೊಂಡಳು ಎಂಬುದನ್ನು ಸುತ್ತಲಿದ್ದವರು ನೋಡಿದ್ದರು. ನೋಡಿದ್ದನ್ನು ಕಲ್ಲಿನಲ್ಲಿ ಉಳಿಸಬೇಕೆಂದು ಅವರಿಗೆ ತೋರಿತ್ತು.

ಆದರೆ ನಿಷಿಧಿಗಳ ಒಂದು ಮಿತಿಯನ್ನೂ ಒಪ್ಪಬೇಕು. ಅವು ಉಳಿದವರು ಬರೆಸಿದ ಬರಹಗಳು. ನಾಗಮತಿ ಗಂತಿಯರು ಆ ಮೂರು ತಿಂಗಳಲ್ಲಿ ಏನನ್ನು ನೆನೆದರು, ಯಾವ ರಾತ್ರಿ ಕಠಿಣವಾಯಿತು, ಯಾವ ಮಾತು ಅವರಿಗೆ ಆಸರೆಯಾಯಿತು ಎಂಬುದನ್ನು ಶಿಲೆ ಹೇಳುವುದಿಲ್ಲ. ಕರ್ತೃತ್ವ ಅವರದು, ನಿರೂಪಣೆ ಇತರರದು.

ಕವಚವೆಂಬ ಕಥೆ

ಆ ದಿನಗಳ ಒಳಗನ್ನು ತಿಳಿಯಬೇಕಾದರೆ ಶಿವಾರ್ಯನ ‘ಭಗವತೀ ಆರಾಧನಾ’ ಗ್ರಂಥಕ್ಕೆ ಹೋಗಬೇಕು. ಪ್ರಾಕೃತದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳಿರುವ ಈ ಕೃತಿ ಸಮಾಧಿಮರಣದ ಶಾಸ್ತ್ರ. ಇಲ್ಲಿ ಸಾಯಲಿರುವವನಿಗೆ ಇರುವ ಹೆಸರು ‘ಕ್ಷಪಕ’, ಅಂದರೆ ಕರ್ಮಗಳನ್ನು ಕ್ಷಯಗೊಳಿಸುವವನು. ರೋಗಿ, ಪೀಡಿತ ಎಂಬಂತೆ ಒದಗಿದ್ದನ್ನು ಅನುಭವಿಸುವವನ ಹೆಸರಲ್ಲ ಅದು, ಮಾಡುವವನ ಹೆಸರು. ಅವನ ಸುತ್ತ ಇರುವವರು ‘ನಿರ್ಯಾಪಕರು’, ಅವನನ್ನು ದಾಟಿಸುವವರು. ಪೂರ್ಣ ಸಂಖ್ಯೆಯಲ್ಲಿ ಅವರು 48 ಮಂದಿ. ಅವರು ನಾಲ್ವರ ಗುಂಪುಗಳಾಗಿ ಕೆಲಸಗಳನ್ನು ಹಂಚಿಕೊಳ್ಳುತ್ತಾರೆ. ನಾಲ್ವರು ಅವನ ಮೈಯನ್ನು ಒತ್ತಿ, ಮಗ್ಗುಲು ಬದಲಿಸಿ, ಎಬ್ಬಿಸಿ ಕೂರಿಸುತ್ತಾರೆ. ನಾಲ್ವರು ಮಲಮೂತ್ರಗಳನ್ನು ಶುಚಿಗೊಳಿಸುತ್ತಾರೆ. ನಾಲ್ವರು ಬಾಗಿಲು ಕಾಯುತ್ತಾರೆ. ನಾಲ್ವರು ರಾತ್ರಿಯಲ್ಲಿ ನಿದ್ದೆಗೆಟ್ಟು ಎಚ್ಚರವಾಗಿರುತ್ತಾರೆ. ನಾಲ್ವರು ಅವನಿಗೆ ಧರ್ಮಕಥೆಗಳನ್ನು ಹೇಳುತ್ತಾರೆ. ನಾಲ್ವರು ಹೊರಗೆ, ನೋಡಲು ಬಂದ ಜನರೊಡನೆ ಧರ್ಮದ ಮಾತಾಡುತ್ತಾರೆ.

ಕಾಲ ಕೆಟ್ಟು ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕ ಒಂಟಿಯಾಗುತ್ತಾನೆ. ಹೋಗದಿದ್ದರೆ ಉಪಚರಿಸುವವನೇ ಸೊರಗುತ್ತಾನೆ. ಮನೆಯಲ್ಲಿ ದೀರ್ಘರೋಗಿಯನ್ನು ನೋಡಿಕೊಂಡವರಿಗೆ ಈ ಮಾತಿನ ಸತ್ಯವನ್ನು ವಿವರಿಸಬೇಕಾಗಿಲ್ಲ.

ಈ ಗ್ರಂಥದಲ್ಲಿ ‘ಕವಚ’ ಎಂಬ ಅಧಿಕಾರವೊಂದಿದೆ. ವೇದನೆ ಹೆಚ್ಚಿ ಕ್ಷಪಕನ ಚಿತ್ತ ಅಲುಗಿದಾಗ ಆಚಾರ್ಯನು ಅವನಿಗೆ ಹಿಂದಿನ ಮಹಾಪುರುಷರು ಉಪಸರ್ಗಗಳನ್ನು ಸಹಿಸಿದ ಪ್ರಸಂಗಗಳನ್ನು ನೆನಪಿಗೆ ತರುತ್ತಾನೆ. ಯುದ್ಧಕ್ಕೆ ಹೊರಟವನಿಗೆ ಕವಚ ತೊಡಿಸುವಂತೆ ನೋವಿನ ಮುಂದೆ ನಿಂತವನಿಗೆ ಕಥೆಯನ್ನು ತೊಡಿಸುತ್ತಾನೆ. ಕನ್ನಡದ ಅತಿ ಪ್ರಾಚೀನ ಗದ್ಯಕಥಾಗ್ರಂಥವೆಂದು ನಾವು ಹೆಮ್ಮೆಪಡುವ ‘ವಡ್ಡಾರಾಧನೆ’ಯ 19 ಕಥೆಗಳು ಈ ಕವಚಾಧಿಕಾರದ ಗಾಹೆಗಳಿಗೆ ಹೊಂದಿಕೊಂಡೇ ಬೆಳೆದವು. ಕರ್ತೃ, ಕಾಲ, ಹೆಸರು ಇವುಗಳ ಬಗೆಗೆ ವಿದ್ವಾಂಸರು ಎಷ್ಟೋ ಚರ್ಚಿಸಿದ್ದಾರೆ. ಆದರೆ ಅದರ ಮೂಲಸಂದರ್ಭ ಸಾಯುವವನ ಹಾಸಿಗೆಯ ಪಕ್ಕ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಆ ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪ. ದೇವತೆಗಳೇ ನೋಡಲು ಬರುವಷ್ಟು ಚೆಲುವ ಅವನು. ಆ ಚೆಲುವು ಮಾಸತೊಡಗಿದ್ದನ್ನು ಕಂಡು ವೈರಾಗ್ಯ ತಾಳಿ ತಪಸ್ಸಿಗೆ ಹೋದ ಮೇಲೆ ನಾನಾ ರೋಗಗಳು ಅವನನ್ನು ಮುತ್ತುತ್ತವೆ. ವೈದ್ಯವೇಷದ ದೇವನೊಬ್ಬ ಬಂದು ಚಿಕಿತ್ಸೆ ಮಾಡುವೆನೆಂದಾಗ, ಜನ್ಮಜರಾಮರಣಗಳೆಂಬ ರೋಗಕ್ಕೆ ಮದ್ದಿದೆಯೇ ಎಂದು ಕೇಳುವ ಸನತ್ಕುಮಾರನ ಚಿತ್ರ ಜೈನ ಕಥಾಪರಂಪರೆಯಲ್ಲಿ ಪ್ರಸಿದ್ಧವಾದುದು. ಚೆಲುವನೆಂದು ಲೋಕ ಕೊಟ್ಟ ಗುರುತನ್ನೂ ರೋಗಿಯೆಂದು ಲೋಕ ಕೊಟ್ಟ ಗುರುತನ್ನೂ ಅವನು ಸಮಾನವಾಗಿ ನಿರಾಕರಿಸುತ್ತಾನೆ. ದೇಹದ ಸ್ಥಿತಿಯೇ ತನ್ನ ಸ್ವರೂಪವಲ್ಲ ಎಂಬ ಭೇದವಿಜ್ಞಾನ ಅವನ ಬಲ.

ಆರಾಧನೆಯ ಕ್ರಮದಲ್ಲಿ ಕ್ಷಪಕನು ಮೂಕನಾಗಿರುತ್ತಾನೆಂದು ತಿಳಿಯಬಾರದು. ಅವನು ಆಲೋಚನೆ ಮಾಡಬೇಕು, ಎಂದರೆ ತನ್ನ ದೋಷಗಳನ್ನು ಕಪಟವಿಲ್ಲದೆ ಗುರುವಿನ ಮುಂದೆ ಹೇಳಿಕೊಳ್ಳಬೇಕು. ಬಂಧುಪರಿಜನರನ್ನು ಕ್ಷಮಿಸಿ, ಅವರಲ್ಲಿ ಕ್ಷಮೆ ಬೇಡಬೇಕು. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಹೇಳಿ, ಅನಶನಕ್ಕಿಂತ ಮೊದಲೇ ಈ ಪ್ರಿಯವಚನದ ಕ್ಷಮಾಪಣೆಯನ್ನೂ ನಿಷ್ಕಪಟ ಆಲೋಚನೆಯನ್ನೂ ವಿಧಿಸಿದ್ದಾರೆ. ಮೌನಕ್ಕೆ ಮುನ್ನ ಮಾತು ಮುಗಿಯಬೇಕು. ಆದರೆ ಆ ಮಾತು ಗುರುವಿನ ಕಿವಿಯಲ್ಲಿ ಅಥವಾ ಮನೆಯ ಅಂಗಳದಲ್ಲಿ ಉಳಿಯಿತೇ ಹೊರತು ಬರಹವಾಗಲಿಲ್ಲ.

ಧ್ವನಿ ಉಳಿದ ಕಾಲ

ಅಂತ್ಯಕಾಲದಲ್ಲಿರುವವನ ಸ್ವಂತ ಮಾತು ದೂರದವರನ್ನು ತಲಪಿ ಕಾಲವನ್ನು ದಾಟಲು ಆಧುನಿಕ ಸಾಧನಗಳು ಬರಬೇಕಾಯಿತು. ಅವುಗಳಲ್ಲಿ ಮೊದಲನೆಯದು ಅಂಚೆ. ಶ್ರೀಮದ್ ರಾಜಚಂದ್ರರು 1901ರಲ್ಲಿ ರಾಜಕೋಟೆಯಲ್ಲಿ ದೇಹವನ್ನು ಬಿಟ್ಟಾಗ ಅವರಿಗೆ 33 ವರ್ಷ. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಕೇಳಿದ ಪ್ರಶ್ನೆಗಳಿಗೆ 1894ರಲ್ಲಿ ಅವರು ಕಳಿಸಿದ ಉತ್ತರವೂ ಪತ್ರರೂಪದ್ದೇ. ದೇಹ ಕೃಶವಾಗುತ್ತ ಹೋದ ಕಾಲದಲ್ಲಿಯೂ ಮುಮುಕ್ಷುಗಳಿಗೆ ಪತ್ರ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ. ಕೊನೆಗೆ ಕೆಲವೇ ದಿನಗಳಿರುವಾಗ ಅವರು ಬರೆಸಿದ ಪದ್ಯ ‘ಅಂತಿಮ ಸಂದೇಶ’ವೆಂದು ಹೆಸರಾಗಿದೆ.

ಎರಡನೆಯದು ಧ್ವನಿಮುದ್ರಣ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರು ದೃಷ್ಟಿ ಕುಂದಿದ ಕಾರಣ ಅಹಿಂಸಾವ್ರತದ ನಿರ್ದೋಷ ಪಾಲನೆ ಅಸಾಧ್ಯವಾಯಿತೆಂದು ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಸಲ್ಲೇಖನವನ್ನು ಸ್ವೀಕರಿಸಿದರು. ಸೆಪ್ಟೆಂಬರ್ 18ರಂದು ಅವರ ಸಮಾಧಿಯಾಯಿತು. ಈ ನಡುವೆ, ಅನಶನದ 26ನೆಯ ದಿನವಾದ ಸೆಪ್ಟೆಂಬರ್ 8ರಂದು, ಮರಾಠಿಯಲ್ಲಿ ಅವರು ನೀಡಿದ ಸಂದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಆತ್ಮಚಿಂತನೆಯನ್ನು ಬಿಡಬೇಡಿ, ಸಂಯಮವನ್ನು ಧರಿಸಲು ಹೆದರಬೇಡಿ ಎಂಬುದು ಅದರ ಸಾರ. ಸಲ್ಲೇಖನದ ದೀರ್ಘ ಇತಿಹಾಸದಲ್ಲಿ ಇದೊಂದು ಹೊಸ ತಿರುವು. ಕ್ಷಪಕನ ಧೈರ್ಯವನ್ನು ಇತರರು ವರ್ಣಿಸುವುದರ ಬದಲು ಕ್ಷಪಕನೇ ಕುಗ್ಗಿದ ದನಿಯಲ್ಲಿ ಇತರರಿಗೆ ಧೈರ್ಯ ಹೇಳಿದನು. ಕವಚವನ್ನು ತೊಡಬೇಕಾದವನೇ ಅದನ್ನು ತೊಡಿಸಿದನು.

ಪಶ್ಚಿಮದ ರೋಗಶಯ್ಯೆ

ಸಾವಿಗೆ ವ್ರತದ ಚೌಕಟ್ಟು ಇಲ್ಲದ ಸಮಾಜಗಳಲ್ಲಿ ಇದೇ ಪ್ರಶ್ನೆ ಬೇರೆ ಬಗೆಯಲ್ಲಿ ಎದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ವೈದ್ಯವಿಜ್ಞಾನ ಬಲವಾಗುತ್ತಿದ್ದಂತೆ ರೋಗಿಯ ಕಥೆಯನ್ನು ಹೇಳುವ ಅಧಿಕಾರ ರೋಗಿಯಿಂದ ವೈದ್ಯನ ದಾಖಲೆಗೆ ಸರಿಯಿತು. ಕಾಯಿಲೆಗೆ ಹೆಸರು ಬಂದಿತು. ಕಾಯಿಲೆಯವನ ಹೆಸರು ಹಿಂದೆ ಬಿದ್ದಿತು.

ತತ್ತ್ವಜ್ಞ ವಿಲಿಯಂ ಜೇಮ್ಸ್ ಮತ್ತು ಕಾದಂಬರಿಕಾರ ಹೆನ್ರಿ ಜೇಮ್ಸ್ ಅವರ ತಂಗಿ ಆಲಿಸ್ ಜೇಮ್ಸ್ ಹುಟ್ಟಿದ್ದು 1848ರಲ್ಲಿ. ಬದುಕಿನ ಬಹುಭಾಗವನ್ನು ನಿರ್ದಿಷ್ಟ ಹೆಸರಿಲ್ಲದ ಅಸ್ವಾಸ್ಥ್ಯದಲ್ಲಿ ಕಳೆದ ಆಕೆ 1889ರಲ್ಲಿ ಇಂಗ್ಲೆಂಡಿನಲ್ಲಿ ದಿನಚರಿ ಆರಂಭಿಸಿದಳು. 1891ರಲ್ಲಿ ಸ್ತನದ ಕ್ಯಾನ್ಸರ್ ಎಂದು ಗೊತ್ತಾದಾಗ ಆಕೆಗಾದ ಭಾವ ಭಯಕ್ಕಿಂತ ಹೆಚ್ಚಾಗಿ ಬಿಡುಗಡೆ, ಏಕೆಂದರೆ ಕಡೆಗೂ ಎಲ್ಲರೂ ಒಪ್ಪುವ ಕಾಯಿಲೆಯೊಂದು ಆಕೆಗೆ ದೊರೆತಿತ್ತು. ಕೈ ಸೋತ ಮೇಲೆ ಗೆಳತಿ ಕ್ಯಾಥರೀನ್ ಲೋರಿಂಗ್‌ಗೆ ಹೇಳಿ ಬರೆಸಿದಳು. 1892ರ ಮಾರ್ಚ್ 6ರಂದು ತೀರಿಕೊಳ್ಳುವ ಮುನ್ನಿನ ಗಳಿಗೆಗಳಲ್ಲಿಯೂ ಒಂದು ವಾಕ್ಯವನ್ನು ತಿದ್ದಿಸುವ ಚಿಂತೆ ಆಕೆಗಿತ್ತು. ಲೋರಿಂಗ್ 1894ರಲ್ಲಿ ನಾಲ್ಕೇ ಪ್ರತಿಗಳನ್ನು ಅಚ್ಚುಹಾಕಿಸಿದಳು. ಅದು ಹೊರಬಿದ್ದರೆ ಖಾಸಗಿ ಮಾತುಗಳು ಬಯಲಾದಾವೆಂದು ಬೆದರಿದ ಹೆನ್ರಿ ತನ್ನ ಪ್ರತಿಯನ್ನು ಸುಟ್ಟುಹಾಕಿದ. ಸಾಮಾನ್ಯ ಓದುಗರಿಗೆ ಆ ದಿನಚರಿ ಸಿಕ್ಕಿದ್ದು 1934ರಲ್ಲಿ, ಅದೂ ಸಂಕ್ಷಿಪ್ತವಾಗಿ. ಪ್ರಸಿದ್ಧ ಅಣ್ಣಂದಿರ ನೆರಳಿನಲ್ಲಿ ಬದುಕಿದವಳಿಗೆ ತನ್ನದೇ ದನಿಯಿತ್ತು ಎಂಬುದು ಲೋಕಕ್ಕೆ ತಿಳಿಯಲು ನಾಲ್ಕು ದಶಕಗಳೇ ಬೇಕಾದವು.

1997ರಲ್ಲಿ ಬ್ರಿಟನ್ನಿನ ಪತ್ರಕರ್ತೆ ರೂತ್ ಪಿಕಾರ್ಡಿ ‘ಅಬ್ಸರ್ವರ್’ ಪತ್ರಿಕೆಯಲ್ಲಿ ತನ್ನ ಸ್ತನದ ಕ್ಯಾನ್ಸರನ್ನು ಕುರಿತು ಕೆಲವೇ ಅಂಕಣಗಳನ್ನು ಬರೆದು ಅದೇ ವರ್ಷ 33ರ ವಯಸ್ಸಿನಲ್ಲಿ ತೀರಿಕೊಂಡಳು. ಮರುವರ್ಷ ಬಂದ ಪುಸ್ತಕದಲ್ಲಿ ಆ ಅಂಕಣಗಳ ಜೊತೆಗೆ ಗೆಳೆಯರೊಡನೆ ಆಕೆ ನಡೆಸಿದ ಇ-ಮೇಲ್ ವ್ಯವಹಾರವೂ ಸೇರಿತ್ತು. ದಿನಚರಿ ತನ್ನಷ್ಟಕ್ಕೆ ಬರೆದುಕೊಂಡದ್ದು. ಇ-ಮೇಲಿಗೆ ಅಂದೇ ಉತ್ತರ ಬರುತ್ತದೆ. ಅಂತರಜಾಲದ ಬರಹಕ್ಕೂ ಹಿಂದಿನ ರೋಗಶಯ್ಯೆಯ ಬರಹಕ್ಕೂ ಇರುವ ವ್ಯತ್ಯಾಸ ಇಲ್ಲಿ ಹುಟ್ಟಿತು. ಬರೆಯುವವರು ಬದುಕಿರುವಾಗಲೇ ಓದುಗರು ಮರುನುಡಿಯುತ್ತಾರೆ.

ಒಂದು ಹೆಸರು ಹೇಳುವ ಚಳವಳಿ

ಈ ವ್ಯತ್ಯಾಸದ ಪೂರ್ಣ ಶಕ್ತಿ ಕಂಡದ್ದು ಡಾ. ಕೇಟ್ ಗ್ರೇಂಜರ್ ಅವರ ವಿಷಯದಲ್ಲಿ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರದೇಶದ ಆಕೆ ವೃದ್ಧರ ಚಿಕಿತ್ಸೆಯಲ್ಲಿ ಪರಿಣತಿ ಪಡೆಯುತ್ತಿದ್ದ ವೈದ್ಯೆ. 2011ರಲ್ಲಿ, 29ರ ವಯಸ್ಸಿನಲ್ಲಿ, ಬಹು ವಿರಳವಾದ ಸಾರ್ಕೋಮ ಎಂಬ ಬಗೆಯ ಕ್ಯಾನ್ಸರ್ ಆಕೆಗೆ ಇರುವುದು ತಿಳಿಯಿತು. ಗುಣವಾಗುವಂತಹುದಲ್ಲ ಅದು. ಕಾಯಿಲೆ ಹರಡಿದೆಯೆಂಬ ಸುದ್ದಿಯನ್ನು ನೋವಿನಲ್ಲಿ ಒಂಟಿಯಾಗಿ ಮಲಗಿದ್ದ ಆಕೆಗೆ ತಿಳಿಸಿದ ಕಿರಿಯ ವೈದ್ಯನೊಬ್ಬ ಕಣ್ಣಿಟ್ಟು ನೋಡಲೂ ಆಗದೆ ಬೇಗನೆ ಹೊರಟುಹೋದನೆಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. ನಿನ್ನೆಯವರೆಗೆ ಮಂಚದ ಪಕ್ಕ ನಿಂತವರು ಇಂದು ಮಂಚದ ಮೇಲಿದ್ದರು. ಎರಡು ಕಡೆಗಳನ್ನೂ ಬಲ್ಲ ಆ ಸ್ಥಾನದಿಂದ ಪುಸ್ತಕ ಬರೆದರು, ಅಂತರಜಾಲದಲ್ಲಿಯೂ ಬರೆಯತೊಡಗಿದರು.

2013ರ ಆಗಸ್ಟಿನಲ್ಲಿ ಸೋಂಕಿನಿಂದಾಗಿ ಮತ್ತೆ ಆಸ್ಪತ್ರೆ ಸೇರಿದಾಗ ಆಕೆ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ತನ್ನನ್ನು ಮುಟ್ಟುವ, ಚುಚ್ಚುವ, ತನ್ನ ಬಗ್ಗೆ ನಿರ್ಧರಿಸುವ ಎಷ್ಟೋ ಮಂದಿ ತಮ್ಮ ಹೆಸರನ್ನೇ ಹೇಳುವುದಿಲ್ಲ. ಹಾಸಿಗೆಯನ್ನು ತಳ್ಳಿಕೊಂಡು ಹೋಗಲು ಬಂದ ಪೋರ್ಟರ್ ಮಾತ್ರ ಹೆಸರು ಹೇಳಿ, ಆತ್ಮೀಯವಾಗಿ ಮಾತನಾಡಿಸಿದ. ಆಕೆ ಟ್ವಿಟರಿನಲ್ಲಿ ‘ಹಲೋ, ಮೈ ನೇಮ್ ಈಸ್’ ಎಂಬ ಮಾತನ್ನು ಚಳವಳಿಯ ಗುರುತಾಗಿ ಹರಿಯಬಿಟ್ಟರು. ರೋಗಿಯ ಬಳಿ ಬರುವ ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು ಹೇಳಬೇಕೆಂಬುದಷ್ಟೇ ಬೇಡಿಕೆ. ಆ ನಾಲ್ಕು ಪದಗಳು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಎದೆಯ ಮೇಲಿನ ಬಿಲ್ಲೆಗಳಾದವು, ಹೊರದೇಶಗಳಿಗೂ ಹರಡಿದವು. 2015ರಲ್ಲಿ ಆಕೆಗೆ ಎಂ.ಬಿ.ಇ. ಗೌರವ ಸಂದಿತು. ಕ್ಯಾನ್ಸರ್ ಕೇಂದ್ರವೊಂದಕ್ಕಾಗಿ ಆಕೆ ಸಂಗ್ರಹಿಸುತ್ತಿದ್ದ ನಿಧಿ ಎರಡೂವರೆ ಲಕ್ಷ ಪೌಂಡುಗಳ ಗುರಿ ಮುಟ್ಟಿದ ಕೆಲವೇ ದಿನಗಳಲ್ಲಿ, 2016ರ ಜುಲೈ 23ರಂದು, ಲೀಡ್ಸ್ ನಗರದ ಹಾಸ್ಪಿಸ್ ಒಂದರಲ್ಲಿ 34ರ ವಯಸ್ಸಿನಲ್ಲಿ ಆಕೆ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆಕೆ ತನ್ನ ಹೆಸರನ್ನು ಮೆರೆಸಲಿಲ್ಲ. ಇತರರ ಹೆಸರನ್ನು ಕೇಳಿದರು. ಹೆಸರು ಹೇಳಿದವನು ಎದುರಿಗಿರುವವರನ್ನೂ ಹೆಸರುಳ್ಳವರೆಂದು ಒಪ್ಪುತ್ತಾನೆ. ರೋಗಿಯ ಅಸ್ಮಿತೆಯನ್ನು ಉಳಿಸಲು ರೋಗಿಯನ್ನು ಹೊಗಳಬೇಕಾಗಿಲ್ಲ, ಅವನೊಡನೆ ಮನುಷ್ಯ ಮನುಷ್ಯನೊಡನೆ ಮಾತಾಡುವಂತೆ ಮಾತಾಡಿದರೆ ಸಾಕು ಎಂಬುದು ಆಕೆಯ ಬರಹದ ತಿರುಳು. ಕ್ಷಪಕನ ಪರಿಚರ್ಯೆಯಲ್ಲಿ ಮಗ್ಗುಲು ಬದಲಿಸುವವನನ್ನೂ ಕಥೆ ಹೇಳುವವನನ್ನೂ ಒಂದೇ ಸಾಲಿನಲ್ಲಿಟ್ಟ ಶಿವಾರ್ಯನಿಗೆ ಆ ಪೋರ್ಟರಿನ ಬೆಲೆ ಅರ್ಥವಾಗುತ್ತಿತ್ತು.

ಅಸ್ಮಿತೆಯೋ ಮಮತೆಯೋ

ಈಗ ಒಂದು ಆಕ್ಷೇಪವನ್ನು ಎದುರಿಸಬೇಕು. ಜೈನದೃಷ್ಟಿಯಲ್ಲಿ ಅಂತ್ಯಕಾಲ ಮಮಕಾರವನ್ನು ಬಿಡುವ ಕಾಲ. ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರಾನುರಾಗ, ಹಿಂದಿನ ಸುಖಗಳ ಸ್ಮರಣೆ, ನಿದಾನ ಎಂಬ ಐದನ್ನು ತತ್ತ್ವಾರ್ಥಸೂತ್ರ ಸಲ್ಲೇಖನದ ಅತಿಚಾರಗಳೆಂದು ಎಣಿಸಿದೆ. ಹಾಗಿರುವಾಗ ಸಾವಿರಾರು ಓದುಗರನ್ನು ಕಟ್ಟಿಕೊಂಡು, ಅವರ ಮೆಚ್ಚುಗೆಗಾಗಿ ಕಾಯುತ್ತ, ತನ್ನ ಹೆಸರನ್ನು ಉಳಿಸಿಕೊಳ್ಳುವ ಬರಹ ಮಿತ್ರಾನುರಾಗದ ಹೊಸ ರೂಪವಲ್ಲವೆ?

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅಂತರಜಾಲದ ಓದುಗರು ನಿರ್ಯಾಪಕರಲ್ಲ. ಅವರು ಧೈರ್ಯವನ್ನು ಕೊಡುತ್ತಾರೆ, ಜೊತೆಗೆ ಧೈರ್ಯವನ್ನು ನಿರೀಕ್ಷಿಸುತ್ತಾರೆ. ದಿನವೂ ಹೋರಾಟದ ಮಾತನ್ನೇ ಕೇಳಬಯಸುವ ಸಮೂಹದ ಮುಂದೆ ದಣಿದವನಿಗೆ ದಣಿದೆನೆಂದು ಹೇಳುವುದು ಕಷ್ಟ. ಭಗವತೀ ಆರಾಧನೆಯಲ್ಲಿ ನಾಲ್ವರು ಬಾಗಿಲು ಕಾಯುವುದು ಸುಮ್ಮನೆ ಅಲ್ಲ; ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬ ವಿವೇಕ ಸಾಯುವವನ ಹಕ್ಕು. ಅಂತರಜಾಲಕ್ಕೆ ಬಾಗಿಲು ಕಾಯುವವರಿಲ್ಲ. ಬರೆಯುವವನೇ ಕ್ಷಪಕನೂ ದ್ವಾರಪಾಲಕನೂ ಆಗಬೇಕಾಗುತ್ತದೆ. ಬರೆಯುವ ಹಕ್ಕಿನಷ್ಟೇ ಬರೆಯದೆ ಸುಮ್ಮನಾಗುವ ಹಕ್ಕೂ ಅವನಿಗಿರಬೇಕು.

ಆದರೂ ಆಕ್ಷೇಪ ಪೂರ್ಣವಲ್ಲ. ಎಲ್ಲವನ್ನೂ ತ್ಯಜಿಸಿದ ನಾಗಮತಿ ಗಂತಿಯರ ಹೆಸರನ್ನು ಸಂಘ ಏಕೆ ಶಿಲೆಯಲ್ಲಿ ಕೊರೆಯಿಸಿತು? ಹೋದವರಿಗೆ ಆ ಹೆಸರಿನಿಂದ ಆಗಬೇಕಾದುದೇನೂ ಇರಲಿಲ್ಲ. ಉಳಿದವರಿಗೆ ಮಾತ್ರ ಅದು ಬೇಕಿತ್ತು. ಹೀಗೂ ಮುಗಿಸಬಹುದು ಎಂಬುದಕ್ಕೆ ಊರು, ಗುರು, ಅವಧಿಗಳ ಸಮೇತ ಒಂದು ನಿದರ್ಶನ ಅವರಿಗೆ ಬೇಕಿತ್ತು. ಹೆಸರಿಲ್ಲದ ನಿದರ್ಶನ ಕೇವಲ ಉಪದೇಶವಾಗುತ್ತದೆ. ಗ್ರೇಂಜರ್ ಅವರ ಬರಹವನ್ನು ಓದಿ ತನ್ನ ನಡೆಯನ್ನು ತಿದ್ದಿಕೊಂಡ ತರುಣ ವೈದ್ಯನಿಗೂ ನಿಷಿಧಿಯ ಮುಂದೆ ನಿಂತ ಶ್ರಾವಕನಿಗೂ ದೊರೆಯುವುದು ಒಂದೇ ಬಗೆಯ ಪಾಠ.

ಕುಂದಕುಂದಾಚಾರ್ಯರ ‘ಸಮಯಸಾರ’ದ ಕರ್ತೃಕರ್ಮಾಧಿಕಾರ ಈ ಗೊಂದಲವನ್ನು ಬಿಡಿಸಲು ನೆರವಾಗುತ್ತದೆ. ನಿಶ್ಚಯನಯದಿಂದ ಜೀವನು ಪರದ್ರವ್ಯಕ್ಕೆ ಕರ್ತೃವಲ್ಲ, ತನ್ನ ಭಾವಗಳಿಗೆ ಮಾತ್ರ ಕರ್ತೃ ಎಂಬುದು ಅಲ್ಲಿನ ನಿಲುವು. ರೋಗ ಪುದ್ಗಲದ ಪರಿಣಾಮ. ಗೆಡ್ಡೆಯ ಬೆಳವಣಿಗೆಗೆ, ರಕ್ತದ ಎಣಿಕೆಗೆ, ಉಳಿದ ದಿನಗಳ ಸಂಖ್ಯೆಗೆ ರೋಗಿ ಕರ್ತೃವಲ್ಲ. ಗೆದ್ದವನು, ಸೋತವನು ಎಂಬ ಪತ್ರಿಕೆಗಳ ಮಾತು ಈ ಕಾರಣದಿಂದಲೇ ಅಸಂಗತ. ತನ್ನದಲ್ಲದ ದ್ರವ್ಯದ ಮೇಲೆ ಯಾರೂ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಆದರೆ ಆ ರೋಗದ ನಡುವೆ ಯಾವ ಭಾವವನ್ನು ತಾಳುವುದು, ಯಾರನ್ನು ಕ್ಷಮಿಸುವುದು, ಯಾವ ಮಾತನ್ನು ಆಡಿ ಮುಗಿಸುವುದು ಎಂಬುದಕ್ಕೆ ಅವನೇ ಕರ್ತೃ. ಆ ಕ್ಷೇತ್ರ ಕಿರಿದಾದುದು, ಆದರೆ ಪೂರ್ಣವಾಗಿ ಅವನದು. ಅಂತ್ಯಕಾಲದ ಬರಹ ಆ ಕ್ಷೇತ್ರದ ಮೇಲಿನ ಒಡೆತನದ ಘೋಷಣೆ. ಸಬಲೀಕರಣವೆಂದು ಇಂದು ಕರೆಯುವುದಕ್ಕೆ ಇದಕ್ಕಿಂತ ಗಟ್ಟಿಯಾದ ನೆಲೆ ನನಗೆ ಕಾಣುವುದಿಲ್ಲ.

ಕಾನೂನು ಕೇಳುವ ಬರಹ

ಈ ಚರ್ಚೆ ಗ್ರಂಥಗಳಿಗೇ ಸೀಮಿತವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆ ವಿವಾದದಲ್ಲಿ ನಮ್ಮ ಸಮಾಜ ಸಾಯುವವನ ಸಂಕಲ್ಪವನ್ನು ಸಮರ್ಥಿಸಿ ಬೀದಿಗಿಳಿಯಿತು. ಆದರೆ ಆಸ್ಪತ್ರೆಯಲ್ಲಿ ಮಲಗಿರುವ ನಮ್ಮದೇ ಮನೆಯ ಹಿರಿಯರ ಸಂಕಲ್ಪವನ್ನು ನಾವು ಕೇಳುತ್ತಿದ್ದೇವೆಯೆ? ಕಾಯಿಲೆಯ ಹೆಸರನ್ನೇ ಅವರಿಂದ ಮರೆಮಾಡಿ, ವೈದ್ಯರೊಡನೆ ಹೊರಗೆ ನಿಂತು ಮಾತಾಡಿ, ಒಳಗೆ ಬಂದು ಎಲ್ಲವೂ ಸರಿಹೋಗುತ್ತದೆಂದು ಹೇಳುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ. ಆದರೆ ತನಗೆ ಏನಾಗಿದೆಯೆಂದು ತಿಳಿಯದವನು ಆಲೋಚನೆ ಮಾಡಲಾರ, ಕ್ಷಮೆ ಬೇಡಲಾರ, ಬೀಳ್ಕೊಳ್ಳಲಾರ. ಮಾಚಿಕಬ್ಬೆಯ ಗಾಂಭೀರ್ಯಕ್ಕೆ ಅವಕಾಶವಿದ್ದದ್ದು ಸುತ್ತಲಿನವರು ಅವಳಿಂದ ಏನನ್ನೂ ಮುಚ್ಚಿಡದಿದ್ದ ಕಾರಣ.

2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠ ಘನತೆಯಿಂದ ಸಾಯುವುದು ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ನೀಡಿತು. ಸ್ವಸ್ಥ ಮನಸ್ಸಿನ ವಯಸ್ಕ ವ್ಯಕ್ತಿ, ಮುಂದೆ ಗುಣವಾಗದ ಸ್ಥಿತಿ ಬಂದು ತಾನು ಮಾತಾಡಲಾಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು ಬರೆದಿಡಬಹುದು. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಲೂಬಹುದು. 2023ರ ಜನವರಿಯಲ್ಲಿ ನ್ಯಾಯಾಲಯ ಈ ಕ್ರಮವನ್ನು ಸರಳಗೊಳಿಸಿತು. ಮೊದಲು ಬೇಕಾಗಿದ್ದ ನ್ಯಾಯಿಕ ದಂಡಾಧಿಕಾರಿಯ ಮೇಲುಸಹಿಯ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಅನುಷ್ಠಾನಕ್ಕಾಗಿ ಆದೇಶ ಹೊರಡಿಸಿತು. ಇದು ಸಲ್ಲೇಖನವಲ್ಲ, ವ್ರತದ ಮಾತು ಅದರಲ್ಲಿಲ್ಲ. ಆದರೂ ಕೊನೆಯ ಕಾಲದ ವಾಕ್ಯದಲ್ಲಿ ಕರ್ತೃಪದ ಯಾರದಾಗಿರಬೇಕೆಂಬ ಪ್ರಶ್ನೆಗೆ ಅದು ಕೊಡುವ ಉತ್ತರ ನಿಷಿಧಿಯ ಉತ್ತರಕ್ಕೆ ದೂರವಾದುದಲ್ಲ.

ಎಲ್ಲರೂ ಗ್ರೇಂಜರ್ ಅವರಂತೆ ಲೋಕದ ಮುಂದೆ ಬರೆಯಬೇಕಾಗಿಲ್ಲ. ಎಲ್ಲರಿಗೂ ಅದು ಒಗ್ಗುವುದೂ ಇಲ್ಲ. ಆದರೆ ಬುದ್ಧಿ ತಿಳಿಯಾಗಿರುವಾಗ ಒಂದು ಹಾಳೆಯಷ್ಟನ್ನಾದರೂ ಪ್ರತಿಯೊಬ್ಬರೂ ಬರೆದಿಡಬಹುದು. ಕೈ ನಡುಗುವ ಹಿರಿಯರಿದ್ದರೆ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುವುದು ಮಕ್ಕಳ ಕೆಲಸ. ಆ ಹಾಳೆಗೆ ಕಾನೂನು ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಶಿವಾರ್ಯನೂ ಇಬ್ಬರಿಗಿಂತ ಕಡಿಮೆ ಸಾಲದೆಂದಿದ್ದ.